ಕೃತಕ ಕ್ಯಾನಬಿನಾಯ್ಡ್ ಅವಲಂಬನೆ ಮತ್ತು ಮೆದುಳಿನ ಚಿತ್ರಣ ಅಧ್ಯಯನಗಳು

ಗಾಂಜಾದ ಮತ್ತಿಗೆ ಕಾರಣವಾದ ಟಿ.ಎಚ್.ಸಿ. ಅಂಶವು ಮೆದುಳಿನ ಸಿ.ಬಿ.1 ಎಂಬ ಗ್ರಾಹಕಗಳ ಮೇಲೆ ವರ್ತಿಸುತ್ತದೆ. ಅದೇ ಗ್ರಾಹಕಗಳ ಮೇಲೆ ವರ್ತಿಸುವಂತೆ ಪ್ರಯೋಗಾಲಯದಲ್ಲಿ ತಯಾರಿಸಲಾದ ರಾಸಾಯನಿಕಗಳೇ ಕೃತಕ ಕ್ಯಾನಬಿನಾಯ್ಡ್‌ಗಳು. ಒಣ ಎಲೆಗಳಿಗೆ ಇವುಗಳನ್ನು ಸಿಂಪಡಿಸಿ, ಗಿಡಮೂಲಿಕೆಯ ಧೂಪವೆಂಬ ಹಣೆಪಟ್ಟಿಯಡಿ "ಸ್ಪೈಸ್", "ಕೆ2" ಮುಂತಾದ ಹೆಸರುಗಳಲ್ಲಿ ಮಾರಲಾಯಿತು. 2008ರಲ್ಲಿ ಇಂತಹ ಪೊಟ್ಟಣಗಳಲ್ಲಿ ಪತ್ತೆಯಾದ ಜೆ.ಡಬ್ಲ್ಯು.ಎಚ್.-018 ಎಂಬ ರಾಸಾಯನಿಕವು, ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಜಾನ್ ಡಬ್ಲ್ಯು. ಹಫ್‌ಮನ್ ಅವರು ಕೇವಲ ಸಂಶೋಧನೆಗಾಗಿ ಸಿದ್ಧಪಡಿಸಿದ್ದಾಗಿತ್ತು.

ಟಿ.ಎಚ್.ಸಿ.ಯು ಈ ಗ್ರಾಹಕಗಳನ್ನು ಭಾಗಶಃ ಮಾತ್ರ ಪ್ರಚೋದಿಸಿದರೆ, ಕೃತಕ ವಸ್ತುಗಳಲ್ಲಿ ಹೆಚ್ಚಿನವು ಪೂರ್ಣವಾಗಿ ಪ್ರಚೋದಿಸುತ್ತವೆ. ಗಾಂಜಾ ಪತ್ತೆಗಾಗಿ ಮಾಡುವ ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಇವು ಕಂಡುಬರುವುದಿಲ್ಲ. ಯುವಕರು ಇವುಗಳತ್ತ ಆಕರ್ಷಿತರಾಗಲು ಇದೂ ಒಂದು ಕಾರಣವೆಂಬುದನ್ನು ಪೋಷಕರು ಗಮನಿಸತಕ್ಕದ್ದು.

"ಬೊನ್ಸಾಯ್" ಎಂಬ ಹೆಸರಿನಲ್ಲಿ ಈ ಪಿಡುಗು ವ್ಯಾಪಿಸಿದ್ದ ಟರ್ಕಿ ದೇಶದಲ್ಲಿ 2015ರಲ್ಲಿ ಪ್ರಕಟವಾದ ಪ್ರಾಥಮಿಕ ಅಧ್ಯಯನವೊಂದರಲ್ಲಿ 20 ಮಂದಿ ಬಳಕೆದಾರರ ಮೆದುಳನ್ನು 20 ಮಂದಿ ಆರೋಗ್ಯವಂತರ ಮೆದುಳಿನೊಂದಿಗೆ ಎಂ.ಆರ್.ಐ. ಮೂಲಕ ಹೋಲಿಸಲಾಯಿತು. ಬಳಕೆದಾರರಲ್ಲಿ ಎರಡೂ ಬದಿಯ ಥಲಾಮಸ್ ಹಾಗೂ ಎಡ ಕಿರುಮೆದುಳಿನಲ್ಲಿ ಬೂದು ದ್ರವ್ಯವು ಕಡಿಮೆಯಿದ್ದುದು ಕಂಡುಬಂದಿತು. ಥಲಾಮಸ್ ಇಂದ್ರಿಯಗಳ ಸಂದೇಶಗಳನ್ನು ಮುಂದಕ್ಕೆ ಸಾಗಿಸುವ ಕೇಂದ್ರ. ಕಿರುಮೆದುಳು ಚಲನೆಯ ಹೊಂದಾಣಿಕೆಯನ್ನು ನೋಡಿಕೊಳ್ಳುತ್ತದೆ. 2018ರಲ್ಲಿ ಇಸ್ರೇಲಿನ ಸಂಶೋಧಕರೂ ಬಳಕೆದಾರರಲ್ಲಿ ಬೂದು ದ್ರವ್ಯದ ಒಟ್ಟು ಪ್ರಮಾಣ ಕಡಿಮೆಯಿರುವುದನ್ನು ವರದಿ ಮಾಡಿದರು. ಅಲ್ಲದೆ, ಕ್ಷಣಕಾಲ ವಿಷಯವನ್ನು ನೆನಪಿನಲ್ಲಿಟ್ಟು ಉತ್ತರಿಸುವ ಪರೀಕ್ಷೆಯ ವೇಳೆ ಅವರ ಮೆದುಳಿನ ಚಟುವಟಿಕೆಯೂ ಭಿನ್ನವಾಗಿತ್ತು.

ಆದಾಗ್ಯೂ, ಈ ಚಿತ್ರಗಳನ್ನು "ಹಾನಿಗೊಂಡ ಮೆದುಳು" ಎಂದು ತೋರಿಸಿ ಹೆದರಿಸುವುದು ಸಮಂಜಸವಲ್ಲ. ಭಾಗವಹಿಸಿದವರ ಸಂಖ್ಯೆ ಚಿಕ್ಕದು. ಒಮ್ಮೆ ಮಾತ್ರ ತೆಗೆದ ಚಿತ್ರದಿಂದ ವ್ಯತ್ಯಾಸವು ಬಳಕೆಗೆ ಮೊದಲೇ ಇತ್ತೇ, ನಂತರ ಉಂಟಾಯಿತೇ ಎಂಬುದು ತಿಳಿಯದು. ಬಳಕೆದಾರರಲ್ಲಿ ಅನೇಕರು ತಂಬಾಕು, ಗಾಂಜಾ ಮುಂತಾದವನ್ನೂ ಸೇವಿಸುವವರಾಗಿರುತ್ತಾರೆ. ಪೊಟ್ಟಣದೊಳಗಿನ ರಾಸಾಯನಿಕ ಯಾವುದು, ಎಷ್ಟು ಎಂಬುದು ಸೇವಿಸಿದವರಿಗೇ ಗೊತ್ತಿರುವುದಿಲ್ಲ. ಹೀಗಿರುವಾಗ ಇಂತಿಷ್ಟು ಸೇವನೆಗೆ ಇಂತಿಷ್ಟು ಹಾನಿ ಎಂದು ಲೆಕ್ಕ ಹಾಕಲು ಆಧಾರವಾದರೂ ಯಾವುದು?

ಇವು ಗುಂಪುಗಳ ಸರಾಸರಿಯನ್ನು ಹೋಲಿಸುವ ಅಧ್ಯಯನಗಳಾದುದರಿಂದ, ಒಬ್ಬ ವ್ಯಕ್ತಿಯ ಅವಲಂಬನೆಯನ್ನು ಎಂ.ಆರ್.ಐ.ನಿಂದ ನಿರ್ಧರಿಸಲಾಗದು. ಅದಕ್ಕಾಗಿಯೇ ಸ್ಕ್ಯಾನಿಂಗ್ ಕೇಂದ್ರಗಳಿಗೆ ಹಣ ವ್ಯಯಿಸಬೇಕಾಗಿಲ್ಲ. ನಿತ್ಯ ಸೇವಿಸುತ್ತಿದ್ದವರು ಹಠಾತ್ತನೆ ನಿಲ್ಲಿಸಿದಾಗ ನಿದ್ರಾಹೀನತೆ, ತೀವ್ರ ಕಳವಳ, ಕೆಲವೊಮ್ಮೆ ಅಪಸ್ಮಾರದಂತಹ ಸೆಳವು ಕಾಣಿಸಿಕೊಂಡಿರುವುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ನಿಲ್ಲಿಸುವುದು ಸೂಕ್ತ. ಸೆಳವು, ಎದೆನೋವು ಅಥವಾ ಪ್ರಜ್ಞೆ ತಪ್ಪುವಿಕೆ ಕಂಡುಬಂದಲ್ಲಿ ತಕ್ಷಣ ಆಸ್ಪತ್ರೆಗೆ ಸೇರಿಸತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ರಾಷ್ಟ್ರೀಯ ವ್ಯಸನಮುಕ್ತಿ ಉಚಿತ ಸಹಾಯವಾಣಿ: 14446.