ಕಹಿ ಬೀಜ, ಸಿಹಿ ಚಾಕಲೇಟು

ನಮ್ಮ ಶಾಲೆಯಲ್ಲಿ ಕಲಿತ ಅನೇಕರ ಮನೆಯ ಅಡಿಕೆ ತೋಟದಲ್ಲಿ ಕೊಕ್ಕೋ ಗಿಡವಿದೆ. ಹಣ್ಣು ಒಡೆದು ಬೀಜದ ಮೇಲಿನ ಹುಳಿಸಿಹಿ ತಿರುಳನ್ನು ಚೀಪದೆ ಬೆಳೆದವರು ನಮ್ಮಲ್ಲಿ ಕಡಿಮೆ. ಬೀಜ ಕಚ್ಚಿದರೆ ಮಾತ್ರ ಬಾಯೆಲ್ಲ ಕಹಿ. ಚಾಕಲೇಟು ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರ ಈ ಕಹಿ ಸಿಹಿಯಾದ ಚರಿತ್ರೆಯಲ್ಲಿದೆ.

ಕೊಕ್ಕೋ ಮೂಲತಃ ಅಮೆರಿಕ ಖಂಡದ ಗಿಡ. ಮೆಕ್ಸಿಕೋ ಕಡೆಯ ಮಾಯಾ ಮತ್ತು ಅಜ್ಟೆಕ್ ಜನರು ಹುರಿದ ಬೀಜವನ್ನು ಅರೆದು, ನೀರಿನಲ್ಲಿ ಕದಡಿ, ಮೆಣಸಿನಕಾಯಿ ಸೇರಿಸಿ ಕುಡಿಯುತ್ತಿದ್ದರು. ಅದು ಅವರಿಗೆ ಔಷಧಿಯೂ ಆಗಿತ್ತು. ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದ ಮೇಲೆ ಸಕ್ಕರೆ ಸೇರಿತು. 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪೆನಿ ತಿನ್ನುವ ಗಟ್ಟಿ ಚಾಕಲೇಟನ್ನು ತಯಾರಿಸಿತು. 1875ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಅದಕ್ಕೆ ಹಾಲು ಬೆರೆಸಿದರು. ಹೀಗೆ ಸಿಹಿ ಏರುತ್ತ, ಬೀಜದ ಪಾಲು ಇಳಿಯುತ್ತ ಬಂತು.

ಚಾಕಲೇಟಿನ ಬೇಡಿಕೆಯೇ ಕೊಕ್ಕೋವನ್ನು ನಮ್ಮ ತೋಟಗಳಿಗೂ ತಂದಿತು. 1980ರ ಸುಮಾರಿಗೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ಸ್ಥಾಪನೆಯಾಗಿದ್ದ ಕ್ಯಾಂಪ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆಯೇ ಆರಂಭವಾಯಿತು.

ಇನ್ನು ಆರೋಗ್ಯದ ವಿಚಾರ. ಪನಾಮಾದ ದ್ವೀಪಗಳಲ್ಲಿ ವಾಸಿಸುವ ಕುನಾ ಜನರು ದಿನವೂ ಕೊಕ್ಕೋ ಕುಡಿಯುವವರು. ವಯಸ್ಸಾದರೂ ಅವರ ರಕ್ತದೊತ್ತಡ ಏರುವುದಿಲ್ಲವೆಂದೂ, ನಗರಕ್ಕೆ ವಲಸೆ ಹೋದವರಲ್ಲಿ ಏರುತ್ತದೆಂದೂ ಹಾರ್ವರ್ಡ್‌ನ ನಾರ್ಮನ್ ಹಾಲೆನ್‌ಬರ್ಗ್ 1990ರ ದಶಕದಲ್ಲಿ ಕಂಡುಕೊಂಡರು. ಬೀಜದಲ್ಲಿರುವ ಫ್ಲವನಾಲ್ ಎಂಬ ಅಂಶ ರಕ್ತನಾಳಗಳನ್ನು ಸಡಿಲಿಸುತ್ತದೆ. ಆದರೆ 2022ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ 21,442 ಹಿರಿಯರು ಭಾಗವಹಿಸಿದ್ದರು. ಕೊಕ್ಕೋ ಸಾರ ಸೇವಿಸಿದವರಲ್ಲಿ ಹೃದ್ರೋಗದ ಸಾವು ಕಡಿಮೆ ಕಂಡಿತಾದರೂ, ಹೃದಯ ಮತ್ತು ರಕ್ತನಾಳಗಳ ತೊಂದರೆಗಳು ಒಟ್ಟಾರೆ ತಗ್ಗಿದವೆಂದು ಖಚಿತವಾಗಲಿಲ್ಲ. ಅವರಿಗೆ ಕೊಟ್ಟದ್ದೂ ಕ್ಯಾಪ್ಸೂಲ್, ಅಂಗಡಿಯ ಚಾಕಲೇಟಲ್ಲ.

ಸಕ್ಕರೆಯ ಮೇಲಿನ ಸಾಕ್ಷ್ಯ ಇದಕ್ಕಿಂತ ಸ್ಪಷ್ಟ. 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರಿಗೆ, ಅವರ ಒಪ್ಪಿಗೆಯಿಲ್ಲದೆ, ಅಂಟುವ ಮಿಠಾಯಿ ತಿನ್ನಿಸಿ ನೋಡಿದರು. ಊಟದ ನಡುನಡುವೆ ತಿಂದವರ ಹಲ್ಲು ಬಹಳ ಹುಳುಕಾದವು. ಆ ಪಾಠಕ್ಕೆ ಬೆಲೆ ತೆತ್ತವರು ಆ ಬಡಪಾಯಿಗಳು.

ನಾನೂ ಕೊಕ್ಕೋ ಬೆಳೆಗಾರ. ಚಾಕಲೇಟು ಹೆಚ್ಚು ಮಾರಾಟವಾದಷ್ಟೂ ನನಗೆ ಲಾಭ. ಆದರೂ ಹೇಳುತ್ತೇನೆ, ಬೀಜದ ಗುಣವನ್ನು ಸಕ್ಕರೆಯ ತಲೆಗೆ ಕಟ್ಟಬಾರದು. ಹೊದಿಕೆಯ ಮೇಲಿನ ಪಟ್ಟಿಯಲ್ಲಿ ಹೆಚ್ಚು ಪ್ರಮಾಣದಲ್ಲಿರುವ ವಸ್ತುವಿನ ಹೆಸರೇ ಮೊದಲು ಬರುತ್ತದೆ. ಅಲ್ಲಿ ಸಕ್ಕರೆ ಮೊದಲಿದ್ದರೆ ಅದು ಮಿಠಾಯಿಯೇ ಹೊರತು ಮದ್ದಲ್ಲ. ಹುಟ್ಟುಹಬ್ಬದಂದು ತರಗತಿಯಲ್ಲಿ ಚಾಕಲೇಟು ಹಂಚುವ ಮಕ್ಕಳು ಧಾರಾಳವಾಗಿ ಹಂಚಲಿ. ಬಿಸಿಯೂಟ ಮುಗಿದ ಕೂಡಲೇ ಹಂಚಿ, ತಿಂದವರೆಲ್ಲ ನಳ್ಳಿಯ ಬಳಿ ಹೋಗಿ ಬಾಯಿ ಮುಕ್ಕಳಿಸಿದರೆ ಸಂತೋಷವೂ ಉಳಿದೀತು, ಹಲ್ಲೂ ಉಳಿದೀತು.