ನೀಳ ನಳಿಗೆಯೂ ಮೋಟು ನಳಿಗೆಯೂ



1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಆಂಗ್ಲೇಯರಿಗೆ ಕೋಟೆಯೊಳಗೆ ಒಂಬೈನೂರಕ್ಕೂ ಮಿಕ್ಕ ತೋಪುಗಳು ದೊರೆತುವು. ಅವೆಲ್ಲವೂ ಒಂದೇ ಬಗೆಯವಲ್ಲ. ಕೊತ್ತಲದ ಮೇಲೆ ನಿಲ್ಲಿಸುವ ನೀಳ ನಳಿಗೆಯ ಫಿರಂಗಿಗಳೂ ಇದ್ದುವು, ಒರಳಿನಂತೆ ಮೋಟಾದ ಮಾರ್ಟರುಗಳೂ ಇದ್ದುವು. ದೊಡ್ಡ ಗುಂಡನ್ನು ದೂರಕ್ಕೆ ಹಾರಿಸಬೇಕಾದರೆ ನಳಿಗೆ ಎಷ್ಟು ಉದ್ದವಿರಬೇಕು? ಈ ಪ್ರಶ್ನೆ ಕಮ್ಮಟದಲ್ಲಿ ಹುಟ್ಟಿತಾದರೂ, ಅದರ ಫಲವನ್ನು ಅನುಭವಿಸಿದ ನೆಲಗಳಲ್ಲಿ ನಮ್ಮ ಕಾವೇರೀ ತೀರವೂ ಒಂದು.

ಮದ್ದು ಉರಿದಾಗ ಹುಟ್ಟುವ ಹೊಗೆಯು ಗುಂಡನ್ನು ಹಿಂದಿನಿಂದ ನೂಕುವುದು. ಗುಂಡು ನಳಿಗೆಯೊಳಗಿರುವವರೆಗೆ ಮಾತ್ರ ಈ ನೂಕು ಉಂಟು. ಆದುದರಿಂದ ನಳಿಗೆ ನೀಳವಾದಷ್ಟೂ ವೇಗ ಹೆಚ್ಚುವುದು. ಆದರೆ ಹೊಗೆ ಹಿಗ್ಗಿದಂತೆಲ್ಲ ಅದರ ಒತ್ತಡ ಕುಗ್ಗುವುದರಿಂದ, ಹೆಚ್ಚಿಸಿದ ಪ್ರತಿಯೊಂದು ಗೇಣಿನಿಂದಲೂ ಬರುವ ಲಾಭ ಕಡಮೆಯಾಗುತ್ತ ಹೋಗುವುದು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಈ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದನು. ಅವನ ತರುವಾಯ ಊಲಿಚ್‌ನಲ್ಲಿ ಪ್ರಯೋಗಗಳನ್ನು ನಡೆಸಿದ ಚಾರ್ಲ್ಸ್ ಹಟನ್, ನಳಿಗೆಯ ಉದ್ದವನ್ನು ಇಮ್ಮಡಿಸಿದರೆ ಗುಂಡು ಹೋಗುವ ದೂರ ಏಳರಲ್ಲೊಂದು ಪಾಲಿನಷ್ಟು ಮಾತ್ರ ಹೆಚ್ಚುವುದೆಂದು ಕಂಡನು. ದೊರೆಯುವ ದೂರ ಸ್ವಲ್ಪ, ಹೊರಬೇಕಾದ ಲೋಹ ಬಹಳ!

ಹಾಗಾದರೆ ನಳಿಗೆಯನ್ನು ಕತ್ತರಿಸಿಬಿಡಬಹುದಲ್ಲವೇ? ಅಲ್ಲಿಯೂ ತೊಡಕುಂಟು. ಮೋಟು ನಳಿಗೆಯಲ್ಲಿ ಮದ್ದಿನ ಬಲದ ಒಂದು ಭಾಗ ಬಾಯಿಯಾಚೆ ವ್ಯರ್ಥವಾಗುವುದು, ಗುಂಡಿನ ವೇಗವೂ ತಗ್ಗುವುದು. ಗೋಡೆಯನ್ನು ದಾಟಿಸಿ ಸಿಡಿಗುಂಡನ್ನು ಒಳಕ್ಕೆ ಬೀಳಿಸಲು ಮಾರ್ಟರು ಸಾಕು, ಗೋಡೆಯನ್ನೇ ಒಡೆಯಲು ಸಾಲದು. ಕಲ್ಲುಕಟ್ಟಡವನ್ನು ಸೀಳಬೇಕಾದರೆ ಹದಿನೆಂಟು, ಇಪ್ಪತ್ತುನಾಲ್ಕು ಪೌಂಡಿನ ಗುಂಡು ರಭಸದಿಂದ ಬಂದು ನೇರವಾಗಿ ಬಡಿಯಬೇಕು. ಇಪ್ಪತ್ತುನಾಲ್ಕು ಪೌಂಡಿನ ಕಬ್ಬಿಣದ ತೋಪಾದರೋ ಒಂಬತ್ತಡಿಗೂ ಮಿಕ್ಕ ಉದ್ದ, ಸುಮಾರು ಎರಡೂವರೆ ಟನ್ನು ತೂಕ. ಬಂಡಿಯ ಭಾರ ಬೇರೆ.

ಈ ಭಾರದ ಬೆಲೆಯನ್ನು ಲಾರ್ಡ್ ಕಾರ್ನ್‌ವಾಲಿಸನು 1791ರಲ್ಲಿ ತೆತ್ತನು. ಮೇ 15ರಂದು ಅರಕೆರೆಯ ಬಳಿಯ ಕಾಳಗದಲ್ಲಿ ಅವನಿಗೆ ಮೇಲುಗೈಯಾಯಿತು. ಆದರೂ ಹೊಳೆಯನ್ನು ದಾಟಿ ಕೋಟೆಯನ್ನು ಮುತ್ತಲಾಗಲಿಲ್ಲ. ಮೇವಿಲ್ಲದೆ, ರೋಗದಿಂದ, ಎತ್ತುಗಳು ಸಾಲುಸಾಲಾಗಿ ಸತ್ತುವು. ಸಿಪಾಯಿಗಳೇ ಹಗ್ಗ ಹಿಡಿದು ತೋಪುಗಳನ್ನು ಕನ್ನಂಬಾಡಿಯವರೆಗೆ ಎಳೆದರು. ಅಲ್ಲಿ ತನ್ನ ಕೋಟೆಯೊಡೆಯುವ ತೋಪುಗಳನ್ನು ತಾನೇ ನಾಶಪಡಿಸಿ, ಅವನು ಆ ತಿಂಗಳಲ್ಲಿಯೇ ಹಿಮ್ಮೆಟ್ಟಿದನು. ಹಸಿದ ಸೈನ್ಯವನ್ನು ಉಳಿಸಿದುದು ಆ ಹಾದಿಯಲ್ಲಿ ಬಂದು ಕೂಡಿಕೊಂಡ ಮರಾಠರ ದಂಡಿನ ಸಂತೆ. ಇಂದು ಆ ಹಳೆಯ ಕನ್ನಂಬಾಡಿಯ ಮೇಲೆ ಕೃಷ್ಣರಾಜಸಾಗರದ ನೀರು ನಿಂತಿದೆ.

ಮರುವರ್ಷ ಅವನು ಕಲಿತ ಪಾಠ ಕಂಡುಬಂದಿತು. ಆಗ ಫ್ರೆಂಚ್ ರಾಕ್ಸ್ ಎನ್ನಿಸಿಕೊಂಡಿದ್ದ ಹಿರೋಡೆಯ, ಎಂದರೆ ಈಗಿನ ಪಾಂಡವಪುರದ, ಬಳಿ ಬೀಡುಬಿಟ್ಟು, 1792ರ ಫೆಬ್ರುವರಿ 6ರ ರಾತ್ರಿ ತೋಪುಗಳನ್ನು ಹಿಂದೆಯೇ ಬಿಟ್ಟು ಕಾಲಾಳುಗಳಿಂದಲೇ ಟಿಪ್ಪುವಿನ ಪಾಳೆಯದ ಮೇಲೆ ಬಿದ್ದನು.

ಮೈಸೂರಿನವರು ಈ ತೊಡಕನ್ನು ಅರಿಯದವರಲ್ಲ. 1771ರಲ್ಲಿ ಮೇಲುಕೋಟೆಯಿಂದ ಹಿಮ್ಮೆಟ್ಟುತ್ತಿದ್ದ ಹೈದರನು ಚಿನಕುರಳಿಯಲ್ಲಿ ಮರಾಠರಿಗೆ ಸೋತು, ಅನೇಕ ತೋಪುಗಳನ್ನು ಕಳೆದುಕೊಂಡಿದ್ದನು. ಈ ನಾಡು ಕಂಡುಕೊಂಡ ಪರಿಹಾರಗಳು ಎರಡು. ಮೊದಲನೆಯದು ನಳಿಗೆಯನ್ನು ಕಿರಿದುಮಾಡದೆ ಎತ್ತನ್ನು ಉತ್ತಮಪಡಿಸಿದುದು. ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳನ್ನು ಹೈದರನು ದಂಡಿಗೆ ಬಳಸಿದನು. ಟಿಪ್ಪು ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟನು. ಆ ತಳಿಯ ಮೂಲಗಳಲ್ಲೊಂದಾದ ಹಳ್ಳಿಕಾರ್ ಎತ್ತುಗಳನ್ನು ನಾಗಮಂಗಲ, ಕೃಷ್ಣರಾಜಪೇಟೆಗಳ ಒಕ್ಕಲು ಇಂದಿಗೂ ಅಭಿಮಾನದಿಂದ ಸಾಕುವುದು.

ಎರಡನೆಯದು ನಳಿಗೆಯನ್ನೇ ಬಿಟ್ಟುಬಿಟ್ಟುದು. ಬಿದಿರಿನ ದಂಡಕ್ಕೆ ಕಬ್ಬಿಣದ ಕೊಳವೆಯನ್ನು ಬಿಗಿದ ಬಾಣವು ತನ್ನ ಮದ್ದನ್ನು ತಾನೇ ಹೊತ್ತು ಹಾರುವುದರಿಂದ, ಅದಕ್ಕೆ ತೋಪೂ ಬೇಡ, ಬಂಡಿಯೂ ಬೇಡ. ಸಾವಿರ ಗಜ ದೂರಕ್ಕೆ ಹೋಗಬಲ್ಲ ಈ ಆಯುಧವನ್ನು ಒಬ್ಬ ಆಳು ಹೊರಬಲ್ಲನು. ಆದರೆ ನಳಿಗೆ ಕೊಡುವ ನೇರ ಗುರಿ ಅದಕ್ಕಿಲ್ಲ. ಕುದುರೆಗಳನ್ನು ಬೆದರಿಸಿತು, ಸಾಲುಗಳನ್ನು ಕದಡಿತು, ಗೋಡೆಯನ್ನು ಒಡೆಯಲಾರದಾಯಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಕೊಳವೆಗಳು ದೊರೆತುವು.

1799ರಲ್ಲಿ ಜನರಲ್ ಹ್ಯಾರಿಸನು ಭಾರದ ತೋಪುಗಳನ್ನು ಹೇಗೋ ಎಳೆತಂದು, ಕೋಟೆಗೆ ಕೆಲವೇ ನೂರು ಗಜ ಸಮೀಪದಲ್ಲಿ ನಿಲ್ಲಿಸಿ ಗೋಡೆಯನ್ನು ಒಡೆದನು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನೀಳ ನಳಿಗೆಯಿಂದ ಅವನಿಗೆ ಬೇಕಾಗಿದ್ದುದು ದೂರವಲ್ಲ, ರಭಸ. ಆ ರಭಸವನ್ನು ಕೋಟೆಯ ಮುಂದಕ್ಕೆ ತಂದು ನಿಲ್ಲಿಸಿದುದು ಎತ್ತಿನ ಹೆಗಲು. ಫಿರಂಗಿಯ ಉದ್ದವನ್ನು ಎರಕದವನು ಅಳೆಯಬಹುದು. ಅದು ಎಷ್ಟು ಉದ್ದವಿರಬಹುದೆಂಬುದನ್ನು ಕಡೆಗೆ ನಿರ್ಣಯಿಸಿದುದು ದಾರಿಯ ಮೇವು.