ಕೆನ್ನೆಯ ನೋವು, ಮಿದುಳಿನ ಬುಡ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಜೋಳದ ರೊಟ್ಟಿಯ ತುತ್ತನ್ನು ಅಗಿಯಲಾರದೆ ಕಣ್ಣೀರಿಡುವ ರೋಗಿ ಮೊದಲು ಹೋಗುವುದು ಹಲ್ಲಿನ ವೈದ್ಯರ ಬಳಿಗೆ. ತಣ್ಣನೆಯ ಗಾಳಿ ಸೋಂಕಿದರೂ ಸಾಕು, ಕೆನ್ನೆಯಲ್ಲಿ ಮಿಂಚು ಹೊಡೆದಂತಾಗುವುದು. ಹಲ್ಲು ಕಿತ್ತರೂ ನೋವು ಹೋಗದು. ಅದರ ಮೂಲ ಒಸಡಿನಲ್ಲಿಲ್ಲ. ಮುಖದ ಸ್ಪರ್ಶಜ್ಞಾನವನ್ನು ಹೊತ್ತ ಐದನೆಯ ನರವು ಮಿದುಳಿನ ಕಾಂಡವನ್ನು ಸೇರುವ ಎಡೆಯಲ್ಲಿ ರಕ್ತನಾಳವೊಂದು, ನಾಡಿ ಮಿಡಿದಂತೆಲ್ಲ, ಅದನ್ನು ಒತ್ತುತ್ತಿರುತ್ತದೆ. ಬಹುಮಟ್ಟಿಗೆ ಕಾರಣ ಇದೇ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಬರುವ 'ಅನಂತವಾತ'ವು ಇದೇ ರೋಗವೆಂದು ಹಲವರ ಮತ. ಅದಕ್ಕೆ ಸಿರೆಯನ್ನು ಭೇದಿಸಿ ರಕ್ತ ತೆಗೆಯುವ ಚಿಕಿತ್ಸೆಯನ್ನು ಹೇಳಿದೆ. ಅಷ್ಟರಿಂದಲೇ ಪ್ರಾಚೀನರಿಗೆ ನಾಳದ ಒತ್ತಡವೂ ತಿಳಿದಿತ್ತೆಂದು ಸಾರುವ ಉತ್ಸಾಹ ನನಗಿಲ್ಲ. ಲಂಡನ್ನಿನ ಜಾನ್ ಫೋದರ್‌ಗಿಲ್ 1773ರಲ್ಲಿ ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ವಿವರಿಸಿದರು. ಆಮೇಲೆ ಬಹುಕಾಲ ನಡೆದದ್ದು ನರದ ದಂಡನೆ: ಮದ್ಯಸಾರ ಚುಚ್ಚಿ ಅದನ್ನು ಸಾಯಿಸುವುದು, ಇಲ್ಲವೇ ಕತ್ತರಿಸುವುದು. ನೋವು ಹೋಗುತ್ತಿತ್ತು, ಕೆನ್ನೆಯೂ ಕೊರಡಿನಂತೆ ಜಡವಾಗುತ್ತಿತ್ತು.

ಅಮೆರಿಕದ ವಾಲ್ಟರ್ ಡ್ಯಾಂಡಿಯವರ ಕಥೆ ವಿಚಿತ್ರವಾದುದು. 1934ರಲ್ಲಿ 215 ರೋಗಿಗಳ ಅನುಭವವನ್ನು ಪ್ರಕಟಿಸಿದ ಅವರು, ಹಲವರಲ್ಲಿ ಧಮನಿಯೊಂದು ನರವನ್ನು ಒತ್ತಿಕೊಂಡಿದ್ದುದನ್ನು ತಿಳಿಸಿದರು. ಆದರೂ, ಕಳ್ಳನನ್ನು ಕಂಡು ಮನೆಯವನನ್ನು ಶಿಕ್ಷಿಸಿದಂತೆ, ಅವರು ಕತ್ತರಿಸಿದ್ದು ನರವನ್ನೇ. ತಪ್ಪೆನ್ನಲಾಗದು, ಅಂಥ ಇಕ್ಕಟ್ಟಿನಲ್ಲಿ ಸಣ್ಣ ಧಮನಿಯನ್ನು ಸೂಕ್ಷ್ಮದರ್ಶಕವಿಲ್ಲದೆ ಸರಿಸುವುದು ಪ್ರಾಣದೊಡನೆ ಆಟವೇ ಸರಿ. 1959ರಲ್ಲಿ ಗಾರ್ಡ್ನರ್ ನಾಳಕ್ಕೂ ನರಕ್ಕೂ ನಡುವೆ ಮೆತ್ತೆಯಿಟ್ಟ ವರದಿ ನೀಡಿದರು. 1967ರಲ್ಲಿ ಪೀಟರ್ ಜಾನೆಟ್ಟಾ ಸೂಕ್ಷ್ಮದರ್ಶಕದ ನೆರವಿನಿಂದ ಈ ಮಾರ್ಗಕ್ಕೆ ಶಾಸ್ತ್ರದ ನೆಲೆ ಒದಗಿಸಿದರು. ಕಿವಿಯ ಹಿಂದೆ ಕಪಾಲದಲ್ಲಿ ಕಿಂಡಿ ತೆರೆದು, ನಾಳವನ್ನು ಸರಿಸಿ, ನಡುವೆ ಟೆಫ್ಲಾನಿನ ಚೂರನ್ನಿಡುವ ಇಂದಿನ ಪದ್ಧತಿ ಅದರ ಮುಂದುವರಿಕೆ. ನರ ಉಳಿಯುತ್ತದೆ. 1,185 ರೋಗಿಗಳನ್ನು ಕುರಿತ 1996ರ ವರದಿಯಂತೆ, ಹತ್ತು ವರ್ಷಗಳ ಮೇಲೂ ನೂರಕ್ಕೆ 70 ಮಂದಿ ಔಷಧವಿಲ್ಲದೆ ನೋವಿನಿಂದ ಮುಕ್ತರು. ಕಿವುಡಾಗುವ ಭಯವುಂಟು, ವಿರಳವಾಗಿ ಪ್ರಾಣಾಪಾಯವೂ.

ಎಲ್ಲರಿಗೂ ಶಸ್ತ್ರ ಬೇಕಾಗದು. 1962ರಲ್ಲಿ ಗುಣ ಕಂಡುಬಂದ ಕಾರ್ಬಮಜೆಪೀನ್ ಮಾತ್ರೆಯೇ ಇಂದಿಗೂ ಮೊದಲ ಮದ್ದು, ತಲೆಸುತ್ತು ತಂದರೂ. ಶಸ್ತ್ರವನ್ನು ತಾಳಲಾರದ ವೃದ್ಧರಿಗೆ ಕೆನ್ನೆಯ ಮೂಲಕ ಸೂಜಿ ತೂರಿಸಿ ನರವನ್ನು ಕಾಯಿಸುವ, ಅಥವಾ ವಿಕಿರಣ ಹಾಯಿಸುವ ದಾರಿಗಳಿವೆ. ಅಲ್ಲಿ ಮತ್ತೆ ಜಡತೆಯ ಪಾಲು ಇದ್ದೇ ಇದೆ.

ಬಳ್ಳಾರಿಯ ವೈದ್ಯಕೀಯ ಕಾಲೇಜು ಆರಂಭವಾದದ್ದು 1961ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡದ್ದು 1974ರಲ್ಲಿ. ಈ ತಾಲ್ಲೂಕುಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದುವು. ಹರಪನಹಳ್ಳಿಯಂತೂ ನಡುವೆ ದಾವಣಗೆರೆಗೂ ಹೋಗಿ ಬಂದಿತು. ಜಿಲ್ಲೆ ಬದಲಾದರೂ ರೋಗಿಯ ದಾರಿ ಸವೆದಿಲ್ಲ. ಎಂಆರ್‌ಐ ಚಿತ್ರದಲ್ಲಿ ಆ ನಾಳ ಕಾಣಿಸಿಕೊಳ್ಳುವ ಹೊತ್ತಿಗೆ, ಬಸ್ಸು ಹತ್ತಿ ಬೆಂಗಳೂರಿಗೆ ಬಂದವನ ಬಾಯಲ್ಲಿ ಎರಡು ಮೂರು ಒಳ್ಳೆಯ ಹಲ್ಲುಗಳು ಇಲ್ಲವಾಗಿರುವುದುಂಟು.